ಬಟನ್‌ಗಳು ಮೂಕವಾದ ನಲವತ್ತು ನಿಮಿಷ

ಗುರೆಳ್ಳು ಹುರಿಯುವ ವಾಸನೆ ಬಂದರೆ ಅಪ್ಪಿಗೆ ಇಂದಿಗೂ ಮುಂಬಯಿಯ ಗ್ರಾಂಟ್ ರೋಡಿನ ಚಾಳು ನೆನಪಾಗುತ್ತದೆ. ಪಕ್ಕದ ಖೋಲಿಯಲ್ಲಿ ವಿಜಯಪುರದ ಕಡೆಯ ಸಂಸಾರವೊಂದಿತ್ತು. ಆ ಮನೆಯಾಕೆ ಚಟ್ನಿಪುಡಿ ಕುಟ್ಟಿದ ದಿನ ಅಪ್ಪಿಯ ಪುಟ್ಟ ಅಂಗೈಗೂ ಒಂದು ಚಿಟಿಕೆ ಬೀಳುತ್ತಿತ್ತು.

ಆ ಶುಕ್ರವಾರ ಬೆಳಿಗ್ಗೆ ಘಾಟ್ಕೋಪರಿನಲ್ಲಿ ಹರಿಣಿಯ ಮನೆಯ ಬಾಗಿಲು ತೆರೆದಾಗ ಮೊದಲು ಒಳಗೆ ಬಂದದ್ದು ಅದೇ ವಾಸನೆ. ಅದರ ಹಿಂದೆ, ಬುತ್ತಿಯ ಗಂಟು ಹಿಡಿದುಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಹಾಲವ್ವ ಬಂದಳು.

ಹರಿಣಿ ಮೂವತ್ತು ವರ್ಷ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತಳಾದವಳು. ಅವಳ ವಸತಿ ಸೊಸೈಟಿಯಲ್ಲಿ ಏನೇ ಕಳವಾದರೂ ಜನ ಮೊದಲು ಬಡಿಯುತ್ತಿದ್ದುದು ಅವಳ ಬಾಗಿಲನ್ನು. ಪಕ್ಕದ ಮನೆಯ ಅಪ್ಪಿ ಪ್ರತಿ ಸಲವೂ ಅವಳ ಜೊತೆಗಿರುತ್ತಿದ್ದಳು.

"ಬಾಯಾರ, ನನ್ನ ಹೆಸರು ಮಣ್ಣಪಾಲಾತು," ಎಂದಳು ಹಾಲವ್ವ. "ಕಂಪ್ಯೂಟರಿನಾಗ ನನ್ನ ರೊಟ್ಟಿ ಚಿತ್ರ ನೋಡಿ ಮಂದಿ ಬಟನ್ ಒತ್ತತಾರ. ಹೋಗೂದು ಮಾತ್ರ ಬೊರಿವಲಿಯ ಯಾವುದೋ ಅಡಗಿಮನೀದು, ಮೈದಾ ಕಲಸಿದ ರೊಟ್ಟಿ! ಬೈಗುಳ ನನಗ. ಇದನ್ನ ಮಾಡಿದಾಂವ ನಮ್ಮೂರ ಶಿವಪುತ್ರಣ್ಣ ಅಂತ. ಹದಿನೈದು ವರ್ಷ ನನ್ನ ಕೈಯಾಗಿನ ರೊಟ್ಟಿ ಉಂಡಾಂವ! ಇವತ್ತ ಸಂಜೀಕ ಅವನ್ನ ಕೆಲಸದಿಂದ ತಗೀತಾರ."

"ಹಾಗಾದ್ರೆ ಮುಗೀತಲ್ಲ?" ಎಂದಳು ಹರಿಣಿ.

"ಮುಗಿದಿಲ್ರಿ. ಅಂವಾ ಮಾಡ್ಯಾನಂತ ನನ್ನ ಜೀವ ಒಪ್ಪವಲ್ದು."

ಮನೆಯಡುಗೆಯವರ ಊಟ ತಿಂಡಿಯನ್ನು ಜಾಲತಾಣದಲ್ಲಿ ಮಾರುವ ಆ ಪುಟ್ಟ ಆಫೀಸು ಗ್ರಾಂಟ್ ರೋಡಿನಲ್ಲಿ, ಒಂದು ಉಡುಪಿ ಹೋಟೆಲಿನ ಮೇಲಿತ್ತು; ಮೂವರೂ ಅಲ್ಲಿಗೆ ಹೋದರು. ಮಾಲೀಕ ಸುಕೇಶನಿಗೆ ಕೋಡ್ ಬರೆಯಲು ಬಾರದು. ಬರೆಯುವವರು ಇಬ್ಬರೇ: ಮೊದಲಿನಿಂದ ಇದ್ದ ಶಿವಪುತ್ರ, ಐದು ವರ್ಷದ ಹಿಂದೆ ಸೇರಿದ ಪ್ರೀತಮ್. ಇಬ್ಬರೂ ಬೊರಿವಲಿಯಿಂದ ಒಂದೇ ಲೋಕಲ್ ರೈಲಿನಲ್ಲಿ ಬರುವವರು.

"ಇಡೀ ಆಫೀಸಿಗೆ ಒಂದೇ ಪಾಸ್‌ವರ್ಡ್ ಅಕ್ಕಾ, ಯಾರು ಹಾಕಿದ್ದು ಅಂತ ದಾಖಲೆಯಿಲ್ಲ," ಎಂದ ಸುಕೇಶ. "ಆದ್ರೆ ಆರ್ಡರನ್ನು ಬೊರಿವಲಿಗೆ ತಿರುಗಿಸೋ ಈ ಸಾಲು ನೋಡಿ. 'ಲೈವ್' ಅಂತ ಬರೆಯೋದು ಶಿವಪುತ್ರರ ಹಳೇ ಪದ್ಧತಿ. ಆ ಸಾಲಿನ ಕೆಲಸಕ್ಕೆ ಇಟ್ಟ ಹೆಸರು ನೋಡಿ, 'ಅವ್ವ'. ಅದೂ ಇವರದ್ದೇ ಗುರುತು ಅಂತಾನೆ ಪ್ರೀತಮ್."

"ಸಾಲು ಸೇರಿದ್ದು ಯಾವಾಗ?"

"ಹೋದ ವಾರದ ಮಂಗಳವಾರ ಇರಬೇಕು. ಆವತ್ತು ಹನ್ನೊಂದಕ್ಕೆ ಸೈಟಿನ ಎಲ್ಲ ಬಟನ್‌ಗಳೂ ಸತ್ತುಹೋದವು. ನಲವತ್ತು ನಿಮಿಷದ ಮೇಲೆ ತಾವಾಗಿಯೇ ಸರಿಯಾದವು."

ಶಿವಪುತ್ರ ಹಾಲವ್ವ ಬೆವರುತ್ತಿದ್ದುದನ್ನು ಕಂಡು ತನ್ನ ಮೇಜಿನ ಫ್ಯಾನನ್ನು ಅವಳ ಕಡೆಗೆ ತಿರುಗಿಸಿದ. ಅಪ್ಪಿ ಅದನ್ನು ಗಮನಿಸಿದಳು. ಹಾಲವ್ವ ಮುಖ ಆಚೆ ತಿರುಗಿಸಿಕೊಂಡಳು.

ಪ್ರೀತಮ್‌ನ ಕಣ್ಣುಗಳು ತೇವವಾಗಿದ್ದವು. "ಆಂಟಿ, ಸರ್ ನನಗೆ ಗುರು. ತಮ್ಮ ಹಳೇ ನೋಟ್‌ಬುಕ್ ಕೊಟ್ಟು ಅದರಿಂದಲೇ ಸಿಖಾಯಾ ಇವರು. ಲೇಕಿನ್ ಸಾಲು ನೋಡಿದ್ರೆ... ಅವರು ಹಮೇಶಾ, ಯಾವಾಗಲೂ ಹೀಗೇ ಬರೀತಾರೆ."

ಹರಿಣಿ ಶಿವಪುತ್ರನನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದಳು. "ಈ 'ಲೈವ್' ಇನ್ನೆಲ್ಲಿದೆ ಹುಡುಕಿ ಮಾರಾಯ್ರೇ."

ಇಡೀ ಸೈಟಿನಲ್ಲಿ ಬೇರೆಲ್ಲೂ ಅದು ಇರಲಿಲ್ಲ. 'ಅವ್ವ' ಎಂಬ ಹೆಸರೂ ಇರಲಿಲ್ಲ. ಹರಿಣಿ ತಲೆಯಾಡಿಸಿ, ಕೆಳಗಿನ ಹೋಟೆಲಿನಿಂದ ಎಲ್ಲರಿಗೂ ಚಹಾ ತರಿಸಿದಳು. ಅವಳು ಚಹಾ ತರಿಸಿದಳೆಂದರೆ ಗಂಟು ಬಿಚ್ಚಿತೆಂದೇ ಅರ್ಥ. ಅದು ಅಪ್ಪಿಗೆ ಗೊತ್ತಿತ್ತು.

"ಪ್ರೀತಮ್, ಆ ನೋಟ್‌ಬುಕ್ ಚೀಲದಲ್ಲಿದ್ರೆ ತೆಗಿಯಪ್ಪ," ಎಂದು ಅವಳು ಶುರುಮಾಡಿದಳು. "ಹಾಲವ್ವ, ನಿಮಗೂ ತಿಳಿಯೋ ಹಾಗೆ ಹೇಳ್ತೇನೆ. ಒಂದು ಬಿಲ್ಡಿಂಗ್ ಅಂತ ಇಟ್ಟುಕೊಳ್ಳಿ. ಜೆಕ್ವೆರಿ ಅಂತ ಒಂದು ಲೈಬ್ರರಿ, ಅಂದ್ರೆ ಸಿದ್ಧ ಕೋಡಿನ ಕಟ್ಟು, ಇದೆ. ಯಾರಾದರೂ ಬಟನ್ ಒತ್ತಿದ್ರೆ ಕೇಳಿಸಿಕೊಂಡು ಕೆಲಸ ಮಾಡಿಸೋದು ಅದು. ಮೊದಮೊದಲು ಅದರ ಪದ್ಧತಿ 'ಬೈಂಡ್'. ಪ್ರತಿ ಬಾಗಿಲಿಗೂ ಒಬ್ಬೊಬ್ಬ ವಾಚ್‌ಮನ್. ಆಮೇಲೆ ಹೊಸ ಖೋಲಿ ಕಟ್ಟಿದ್ರೆ ಅದಕ್ಕೆ ಕಾವಲಿಲ್ಲ."

"ಅದು ಖರೇನ," ಎಂದಳು ಹಾಲವ್ವ.

"ಅದಕ್ಕೇ 'ಲೈವ್' ಬಂತು. ಗೇಟಿನಲ್ಲಿ ಒಬ್ಬನೇ ಕೂತು ಇಡೀ ಬಿಲ್ಡಿಂಗಿನ ಕರೆಗಂಟೆ ಕೇಳೋದು, ನಾಳೆ ಕಟ್ಟೋ ಖೋಲಿಯದ್ದೂ ಸೇರಿ. ಆದ್ರೆ ಪ್ರತಿ ಸದ್ದೂ ಗೇಟಿನವರೆಗೆ ಬರಬೇಕು, ನಿಧಾನ. ಆಮೇಲೆ 'ಡೆಲಿಗೇಟ್', ಮಾಳಿಗೆಗೊಬ್ಬ. ಕೊನೆಗೆ ಈ ಮೂರೂ ಕೆಲಸಕ್ಕೆ 'ಆನ್' ಅನ್ನೋ ಒಂದೇ ಪದ. ಎರಡು ಸಾವಿರದ ಹದಿಮೂರರಲ್ಲಿ 'ಲೈವ್' ಅನ್ನು ತೆಗೆದೇ ಬಿಟ್ಟರು. ಶಿವಪುತ್ರರೇ, ಆಗ ಇಲ್ಲಿ ಏನಾಯ್ತು?"

ಶಿವಪುತ್ರ ಮೊದಲ ಸಲ ಬಾಯಿಬಿಟ್ಟ. "ಹೊಸದು ಹಾಕಿದ ಕೂಡಲೆ ಎಲ್ಲಾ ಬಟನ್ ಸತ್ತವು ಬಾಯಾರ. ಮೂರು ದಿನ ಇಲ್ಲೇ ಮಲಗಿ, ಒಂದೊಂದೇ 'ಲೈವ್' ಕಿತ್ತು 'ಆನ್' ಬರದೆ."

"ಅಂದ್ರೆ ಆ ಪದ ಈಗ ಬರೆದ್ರೆ ಏನಾಗ್ತದೆ ಅಂತ ನಿಮ್ಮಷ್ಟು ಗೊತ್ತಿದ್ದವರು ಇಲ್ಲಿ ಯಾರೂ ಇಲ್ಲ. ಕಳ್ಳತನವೇ ಮಾಡೋದಿದ್ರೆ 'ಆನ್' ಅಂತ ಬರೆದು ಸದ್ದಿಲ್ಲದೆ ಮುಗಿಸ್ತಿದ್ರಿ. ಮಂಗಳವಾರ ಬರೆದ ಕೈಗೆ ಅದು ಗೊತ್ತಿರಲಿಲ್ಲ. ಸತ್ತ ಪದ ಬರೆದ, ಸೈಟ್ ಮೂಕಾಯ್ತು. ಗಾಬರಿಬಿದ್ದು ನಲವತ್ತು ನಿಮಿಷ ಹುಡುಕಿ, ಹಳೇ ಪದಗಳಿಗೆ ಮತ್ತೆ ಜೀವ ಕೊಡೋ ಸಹಾಯಕ ಫೈಲೊಂದನ್ನು ತಂದು ಸೇರಿಸಿದ; ಅದು ಈಗಲೂ ಸೈಟಿನಲ್ಲಿದೆ. ಅದರ ಬದಲು 'ಆನ್' ಅಂತ ತಿದ್ದಿದ್ರೆ ಎರಡು ನಿಮಿಷದ ಕೆಲಸ. ಯಾಕೆ ತಿದ್ದಲಿಲ್ಲ? ಶಿವಪುತ್ರರ ಗುರುತು ಅಲ್ಲೇ ಉಳೀಬೇಕಿತ್ತು."

ಅವಳು ಪ್ರೀತಮ್‌ನ ಕಡೆ ತಿರುಗಿದಳು. "ಹಮೇಶಾ ಹೀಗೇ ಬರೀತಾರೆ ಅಂದೆ. ಎಲ್ಲಿ ನೋಡಿದೆ ಮಗಾ? ನೀನು ಸೇರೋ ಹೊತ್ತಿಗೆ ಈ ಸೈಟಿನಲ್ಲಿ ಒಂದು 'ಲೈವ್' ಕೂಡ ಉಳಿದಿರಲಿಲ್ಲ. ಉಳಿದದ್ದು ನೋಟ್‌ಬುಕ್ಕಿನಲ್ಲಿ ಮಾತ್ರ, ಅದು ಇರೋದು ನಿನ್ನ ಹತ್ರ."

ಪ್ರೀತಮ್ ತೆಗೆದಿಟ್ಟ ಪುಸ್ತಕದ ಮೂಲೆಗಳು ಸವೆದಿದ್ದವು. ಅಪ್ಪಿ ಹಾಳೆ ತಿರುಗಿಸಿದಳು. ಪ್ರತಿ ಪಾಠಕ್ಕೂ, ನೀಲಿ ಶಾಯಿಯಲ್ಲಿ, 'ಅವ್ವ' ಎಂದೇ ಹೆಸರು. ಹದಿನೇಳನೆಯ ಪುಟದಲ್ಲಿ ಅದೇ ಸಾಲು ಇತ್ತು.

"ಬೊರಿವಲಿಯ ಆ ಕಿಚನ್ ಜೀಜಾಜಿದು, ನನ್ನ ಅಕ್ಕನ ಗಂಡಂದು... ಬಂದ್ ಆಗೋದರಲ್ಲಿತ್ತು," ಎಂದ ಪ್ರೀತಮ್, ನೆಲ ನೋಡುತ್ತ. "ಸಿರ್ಫ್ ಒಂದು ತಿಂಗಳು ಅಂತ..."

ಶಿವಪುತ್ರ ಪುಸ್ತಕವನ್ನು ಕೈಗೆ ತೆಗೆದುಕೊಂಡ. "ನಮ್ಮವ್ವ ತೀರಿದ ವರ್ಷ ಇದನ್ನ ಬರದಿದ್ದೆ. ದಿನಾ ಒಮ್ಮೆ ಆಕೀ ಹೆಸರು ಬರೀಲಿ ಅಂತ. ನಿನಗ ಕೊಟ್ಟೆ. ನೀ ಆಕೀನ್ನ ತಂದು ನನ್ನ ಮ್ಯಾಲೆ ಸಾಕ್ಷಿ ಹೇಳಸಿದೆಲ್ಲೋ."

ಪ್ರೀತಮ್ ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದ. ಯಾರೂ ತಡೆಯಲಿಲ್ಲ. ಶಿವಪುತ್ರನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಎಂಟು ದಿನ ಯಾರೂ, ಅವನ ಊರಿನವಳೂ ಕೂಡ, ನೀನು ಮಾಡಿದೆಯಾ ಎಂದು ನೇರವಾಗಿ ಅವನನ್ನು ಕೇಳಿರಲಿಲ್ಲ.

ಹಾಲವ್ವ ಎದ್ದಳು. ಫ್ಯಾನನ್ನು ಮತ್ತೆ ಅವನ ಕಡೆಗೆ ತಿರುಗಿಸಿದಳು. ಬೆಳಗಿನಿಂದ ಕೈಯಲ್ಲೇ ಹಿಡಿದುಕೊಂಡಿದ್ದ ಬುತ್ತಿಯ ಗಂಟನ್ನು ಬಿಚ್ಚಿ, ರೊಟ್ಟಿಯ ಮೇಲೆ ಗುರೆಳ್ಳು ಪುಡಿ ಹಾಕಿ, ಅವನ ಮುಂದೆ ಹಿಡಿದಳು. ಅವನು ಎರಡೂ ಕೈ ಚಾಚಿ ತೆಗೆದುಕೊಂಡ.