ಮುದ್ದಮ್ಮನ ಗೋಣಿಚೀಲ

"ನೀನು ಉಣ್ಣು ಜಯಾ. ಅಣ್ಣ ಬಂದ ಮೇಲೆ ನಾನು ಉಣ್ತೀನಿ," ಅಂದರು ಅಮ್ಮ.

"ಅವನು ಬರೋದ್ರೊಳಗೆ ಹೊತ್ತು ಮುಳುಗಿರುತ್ತೆ. ಆಮೇಲೆ ನೀನೆಲ್ಲಿ ಉಣ್ತೀಯ? ನಿನ್ನೆನೂ ಹಿಂಗೇ ಆಯ್ತು."

ಅವರು ಜೈನರು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಒಂದು ಅಗುಳೂ ಮುಟ್ಟುವುದಿಲ್ಲ. ಆದರೆ ಒಂಬತ್ತನೇ ಕ್ಲಾಸಿಗೆ ಬಂದಾಗಿನಿಂದ ಅಣ್ಣ ಅಜಿತನ ಕೊರಳಿಗೊಂದು ಕೆಂಪು ಕರ್ಚೀಫು ಬಂದಿತ್ತು, ಬಾಯಿಗೆ ಸಿಳ್ಳೆ ಬಂದಿತ್ತು. ಅವನು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ.

ಜಯಮಾಲಾ ತಟ್ಟೆ ಸರಿಸಿ ಎದ್ದಳು. "ಕರ್ಕೊಂಡ್ ಬರ್ತೀನಿ, ಇರು."

ಕೊಬ್ಬರಿ ಮಂಡಿ ದಾಟಿ ಸ್ಟೇಷನ್ನಿನ ಗೂಡ್ಸ್ ಶೆಡ್ಡಿಗೆ ಬಂದರೆ, ಕಟ್ಟೆಯ ಮೇಲೆ ಕೆಂಪು ಕರ್ಚೀಫುಗಳು ಸಾಲಾಗಿ ಕೂತಿದ್ದವು. ನಡುವೆ ಚೈನ್ ಚಿಕ್ಕಣ್ಣ ಸೈಕಲ್ ಚೈನನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ. ಸೈಕಲ್ಲು ಮಾತ್ರ ಅವನಿಗಿರಲಿಲ್ಲ.

"ಏನ್ಲಾ ಅಜಿತ, ನಿಮ್ಮನೆಯಿಂದ ವಾರೆಂಟ್ ಬಂತು ನೋಡ್ಲಾ."

ಎಲ್ಲರೂ ನಕ್ಕರು.

"ಹೋಗೇ, ಬರ್ತೀನಿ," ಅಂದ ಅಜಿತ, ತಂಗಿಯ ಮುಖ ನೋಡದೆ.

"ಬರದಿದ್ರೆ ಬಿಡು. ಅಮ್ಮ ಇವತ್ತೂ ಉಪವಾಸ, ಅಷ್ಟೆ."

"ನಿನ್ನೆ ಉಂಡೆ ಅಂದ್ಲಲ್ಲ?"

"ನಿಂಗೆ ಹಂಗಂದ್ಲು."

ಅಜಿತ ಆಕಾಶ ನೋಡಿದ. ಎಂಜಿನ್ನಿನ ಹೊಗೆಯ ಹಿಂದೆ ಸೂರ್ಯ ಆಗಲೇ ಕೆಂಪಾಗಿದ್ದ. ಕಟ್ಟೆಯಿಂದ ಧುಮುಕಿದ.

"ಎಲ್ಲಿಗ್ಲಾ? ಮುದ್ದಮ್ಮನ ಕಳ್ಳೇಕಾಯಿ ಬುಟ್ಟಿಗೆ ಕೈ ಹಾಕೋದೈತೆ," ಅಂದ ಚಿಕ್ಕಣ್ಣ. "ಈಗ ಹೋದ್ರೆ ನಾಳೆ ಈ ಕಡೆ ತಲೆ ಹಾಕ್ಬೇಡ."

ಅಜಿತ ಆಗಲೇ ತಂಗಿಯ ಪಕ್ಕದಲ್ಲಿದ್ದ. ಇಬ್ಬರೂ ಓಡಿದರು.

ಬೀದಿಯ ತಿರುವಿನಲ್ಲಿ ಕಳ್ಳೇಕಾಯಿ ಬುಟ್ಟಿ ಮುಂದಿಟ್ಟುಕೊಂಡು ಮುದ್ದಮ್ಮ ಕೂತಿದ್ದಳು. ದಿನಾ "ಬಾ ಪುಟ್ಟಿ" ಎಂದು ಜಯಮಾಲಾಳ ಬೊಗಸೆ ತುಂಬುವವಳು ಇವತ್ತು ಅವಳನ್ನು ನೋಡಲೇ ಇಲ್ಲ. ಅಜಿತನ ಕೊರಳನ್ನು ನೋಡಿದಳು. ಗೋಣಿಚೀಲವನ್ನು ಸರಕ್ಕನೆ ಬುಟ್ಟಿಯ ಮೇಲೆಳೆದು ಕೈಯೂರಿ ಕೂತಳು.

"ನಾನು ಕಣಜ್ಜಿ, ಯಶೋಧಮ್ಮನ ಮಗ," ಅಂದ ಅಜಿತ.

"ಗೊತ್ತೈತೆ ಕಣಪ್ಪ," ಅಂದಳು ಮುದ್ದಮ್ಮ. ಕೈ ತೆಗೆಯಲಿಲ್ಲ.

ಅಜಿತ ಕರ್ಚೀಫು ಬಿಚ್ಚಿ ಚಡ್ಡಿ ಜೇಬಿಗೆ ತುರುಕಿದ. ಮನೆಯವರೆಗೂ ಒಂದು ಸಿಳ್ಳೆಯಿಲ್ಲ.

ಹೆಂಚಿನ ಮೇಲೆ ಬಿಸಿಲಿನ ಚೂರು ಇನ್ನೂ ಉಳಿದಿತ್ತು. ತಾಯಿ ಮಗ ಎದುರುಬದುರು ಕೂತು ಉಂಡರು, ಜಯಮಾಲಾಳೂ ಸರಿಸಿಟ್ಟ ತಟ್ಟೆ ಎಳೆದುಕೊಂಡಳು.

ಮರುದಿನ ಸ್ಕೂಲು ಬಿಟ್ಟ ಮೇಲೆ ಅಣ್ಣ ತಂಗಿ ಜೊತೆಯಾಗಿ ಬಂದರು. ಗೂಡ್ಸ್ ಶೆಡ್ಡಿನ ಕಡೆಯಿಂದ ಸಿಳ್ಳೆ ಕೇಳಿಸಿತು. ಅಜಿತ ತಿರುಗಲಿಲ್ಲ. ಅವನನ್ನು ಕಂಡ ಕೂಡಲೇ ಮುದ್ದಮ್ಮನ ಕೈ ಗೋಣಿಗೆ ಹೋಯಿತು. ಬರಿಗೊರಳು ನೋಡಿ ಅರ್ಧಕ್ಕೇ ನಿಂತಿತು. ಬುಟ್ಟಿ ಅರ್ಧ ಮುಚ್ಚಿತ್ತು, ಅರ್ಧ ತೆರೆದಿತ್ತು.

"ಕಳ್ಳೇಕಾಯಿ ಕೇಳೇ," ಅಂದ ಅಜಿತ ಮೆಲ್ಲಗೆ.

"ಇವತ್ತು ಬೇಡ," ಅಂದಳು ಜಯಮಾಲಾ ಅವನ ಕೈ ಹಿಡಿದು. "ನಾಳೆನೂ ಹಿಂಗೇ ಬರೋಣ."