ಇಂಜಿನಿಯರ್ ಸಾಹೇಬರ ತಾರಸಿ

ಹನ್ನೊಂದು ದಿನ ಎಂಟೆಂಟು ಪ್ಯಾಕೆಟ್ ಹಾಲು ಬರುತ್ತಿದ್ದ ಮನೆಗೆ ಅಂದು ಬೆಳಿಗ್ಗೆ ಒಂದೇ ಬಂದಿತ್ತು. ಗಂಡನ ತಿಥಿ ಮುಗಿಸಿ ನೆಂಟರೆಲ್ಲ ಹೊರಟಿದ್ದರು. ನಯನಾ ಹಾಲು ಕಾಯಲು ಇಡುವಾಗ ಗೇಟು ಸದ್ದಾಯಿತು.

“ಸುಬ್ರಮಣಿ ಅಂತ, ವಾಟರ್‌ಪ್ರೂಫಿಂಗ್. ತಾರಸಿ ಕೆಲಸ ನಂಗೇ ಅಂತ ಇಂಜಿನಿಯರ್ ಸಾಹೇಬ್ರು ಮಾತು ಕೊಟ್ಟಿದ್ರು ಮೇಡಂ. ಪಾಪ, ಹಿಂಗಾಗುತ್ತೆ ಅಂತ ಯಾರಿಗ್ ಗೊತ್ತಿತ್ತು?”

ಅವಳು ಬಾಯಿ ತೆರೆಯುವ ಮೊದಲೇ ಅವನು ಹೊರಗಿನ ಮೆಟ್ಟಿಲು ಹತ್ತಿದ್ದ. ಇಳಿದಾಗ ಕೈಯಲ್ಲಿ ಅಂಗೈಯಗಲದ ಗಾರೆಯ ಚೂರು.

“ನೋಡಿ, ಮುಟ್ಟಿದ್ರೆ ಕಿತ್ಕೊಂಡ್ ಬರ್ತಿದೆ. ಇವತ್ತೇ ಅಡ್ವಾನ್ಸ್ ಕೊಟ್ಟು ಸೈನ್ ಹಾಕಿದ್ರೆ ಸಾಹೇಬ್ರಿಗೆ ಹೇಳಿದ್ ರೇಟು. ನಾಳೆ ಆದ್ರೆ ಡಬಲ್.”

ಇಂಜಿನಿಯರ್ ಎಂದದ್ದಾಗಲಿ ರೇಟಾಗಲಿ ನಯನಾಳ ಕಿವಿಗೆ ಬೀಳಲೇ ಇಲ್ಲ. ವಿಜಯ್ ಕುಮಾರ್ ಕೊಟ್ಟ ಮಾತು ಎಂದನಲ್ಲ, ಅದು ನಾಟಿತು. ಗಂಡನ ಕೊನೆಯ ಮಾತೊಂದನ್ನು ತಾನು ಸುಳ್ಳು ಮಾಡುವುದೇ? ಆದರೆ ಏನನ್ನೂ ಮುಚ್ಚಿಡದ ಮನುಷ್ಯ ಇದನ್ನೇಕೆ ಹೇಳಲಿಲ್ಲ? ಪೆನ್ ತರುತ್ತೇನೆಂದು ಒಳಹೋದವಳು ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ನಡೆದಳು.

ಅಮೃತಹಳ್ಳಿಯ ಆ ಬೀದಿಯಲ್ಲಿ ಕೋಳಿ ಕಳೆದರೂ ಬೈಕು ಕಳೆದರೂ ಜನ ಸ್ಟೇಷನ್ನಿಗಿಂತ ಮೊದಲು ಮುನಿನಾರಾಯಣಮ್ಮನವರ ಜಗುಲಿಗೆ ಬರುತ್ತಿದ್ದರು. ಇಪ್ಪತ್ತೈದು ವರ್ಷದ ಹಿಂದೆ ನಯನಾಳ ಮನೆ ಕಟ್ಟಿಸಿದ್ದೂ, ಆಮೇಲೆ ವಿಜಯನಿಗೆ ಮಾರಿದ್ದೂ ಅವರೇ.

ಎಲ್ಲ ಕೇಳಿ ಎಲೆಯಡಿಕೆ ಉಗಿದು, “ಸಿದ್ದೂನ ಕರಿ,” ಎಂದರು.

ಸಿದ್ದು ವಿಜಯನ ಗೆಳೆಯ. ಬೀದಿ ಮೂಲೆಯಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಹಾಕಿಸಿದವನು; ಅದರಲ್ಲಿ ತಪ್ಪು ಅಚ್ಚಾಯಿತೆಂದು ಇನ್ನೂ ಕೊರಗುತ್ತಿದ್ದ. ಅವನು ಬರುವಷ್ಟರಲ್ಲಿ ಅಜ್ಜಿ ಮಂಡಿ ಹಿಡಿದುಕೊಂಡೇ ತಾರಸಿ ಸುತ್ತಿ ಇಳಿದಿದ್ದರು. ಸುಬ್ರಮಣಿ ಪೆನ್ನಿಗೆ ಕಾಯುತ್ತಿದ್ದ ವರಾಂಡದಲ್ಲಿ ಎಲ್ಲರೂ ಸೇರಿದರು.

“ಈ ಚೂರು ಈ ತಾರಸೀದೇನಪ್ಪ?”

“ನಾನೇ ಕಿತ್ತಿದ್ದು ಅಜ್ಜಿ.”

ಅವರು ಚೂರನ್ನು ಕಟ್ಟೆಗೆ ಉಜ್ಜಿ ಪುಡಿಯನ್ನು ನಯನಾಳ ಅಂಗೈಗೆ ಸುರಿದರು. “ಎಂಗೈತೆ ಮಗ?”

“ಬೂದು ಬಣ್ಣ. ಚುಚ್ಚುತ್ತೆ.”

“ಎಂ-ಸ್ಯಾಂಡು. ಕಲ್ಲು ಪುಡಿ ಮಾಡಿದ್ ಮರಳು. ಈ ಮನೆ ಕಟ್ಟೋವಾಗ ಅದೆಲ್ಲಿತ್ತು? ಒಳೆ ಮರಳಿಗೆ ನಾನೇ ನಿಂತು ಜರಡಿ ಇಡಿಸಿದ್ದೆ. ಮೇಲೆ ಕಿತ್ತಿರೋ ಜಾಗಾನೂ ಇಲ್ಲ. ಚೂರು ಇವನ ಜೇಬಲ್ಲೇ ಬಂದೈತೆ.”

ಸುಬ್ರಮಣಿ ಹಲ್ಲು ಕಿರಿದ. “ಬೇರೆ ಸೈಟಿಂದು, ಅದಲುಬದಲಾಯ್ತು. ಆದ್ರೆ ಇಂಜಿನಿಯರ್ ಸಾಹೇಬ್ರು ಮಾತು ಕೊಟ್ಟಿದ್ದು ನಿಜ.”

“ಸಿದ್ದು, ಯೋಳೋ.”

ಸಿದ್ದು ತಲೆ ತಗ್ಗಿಸಿದ. “ವಿಜಯ ಸೋಲದೇವನಹಳ್ಳಿ ಕಡೆ ಇಂಜಿನಿಯರಿಂಗ್ ಕಾಲೇಜಲ್ಲಿ ಕನ್ನಡ ಮೇಷ್ಟ್ರು ಅಂತ ಫೋನಲ್ಲಿ ಹೇಳ್ದೆ. ಫ್ಲೆಕ್ಸ್‌ನವನು ಇಂಜಿನಿಯರ್ ಅಂತ ಹೊಡ್ದ.”

“ಬದುಕಿದ್ದಾಗ ಒಂದು ಮೊಳೆ ನೆಟ್ಟಗೆ ಒಡೀದೋನು, ಸತ್ ಮ್ಯಾಲೆ ಇಂಜಿನಿಯರ್ ಆದ,” ಎಂದರು ಅಜ್ಜಿ. “ಎಸ್ರು, ಮನೆ ನಂಬರು ಎಲ್ಲಾ ಅದ್ರಲ್ಲೇ ಐತೆ. ನೀನು ಮಾತಾಡಿದ್ದು ಫ್ಲೆಕ್ಸ್ ಜೊತೆ ಕಣಪ್ಪ!”

ಸುಬ್ರಮಣಿ ಬೈಕು ಏರುವ ಮುನ್ನ ಸಿದ್ದು ನಂಬರ್ ಪ್ಲೇಟಿನ ಫೋಟೋ ಹೊಡೆದು ಬೀದಿಯ ಗ್ರೂಪಿಗೆ ಹಾಕಿಯಾಗಿತ್ತು.

“ಕರೀದೆ ಬಂದು ಇವತ್ತೇ ಅನ್ನೋನ್ನ ಒಬ್ಬನ್ನೇ ಮೇಲಕ್ಕೆ ಬಿಡಬ್ಯಾಡ ಮಗ. ಅನುಮಾನ ಬಂದ್ರೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ಒಂದಿನ ನೀರು ನಿಲ್ಸು. ಕೆಳಗೆ ಒದ್ದೆಯಾದ್ರೆ ಮೇಸ್ತ್ರೀನ ನಾನೇ ಕರೆಸ್ತೀನಿ.”

“ಹಾಗಾದ್ರೆ ಅವ್ರು ಯಾರಿಗೂ ಮಾತು ಕೊಟ್ಟಿರ್ಲಿಲ್ವಾ ಅಜ್ಜಿ?”

“ಕೊಟ್ಟಿದ್ದ, ನಂಗೆ. ಪುಸ್ತಕದ ಅಲಗೆ ಬಡಿಯೋಕೆ, ಮಟ್ಟ ನೋಡ್ಬೇಕು ಅಂತ ನಮ್ಮ ಯಜಮಾನ್ರ ರಸಮಟ್ಟ ತಗೊಂಡೋಗಿದ್ದ. ಭಾನುವಾರ ತಂದ್ಕೊಡ್ತೀನಿ ಅಂದಿದ್ದ.”

ನಯನಾ ಒಳಗೆ ಹೋದಳು. ರಸಮಟ್ಟ ಹಲಗೆಯ ಮೇಲೇ ಇತ್ತು. ಗಾಜಿನೊಳಗಿನ ಗುಳ್ಳೆ ಒಂದು ಮೂಲೆಗೆ ಸರಿದಿತ್ತು. ಇಷ್ಟು ದಿನವಾದರೂ ಹಲಗೆ ಸೊಟ್ಟಗಿರುವುದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಸೆರಗಿನಿಂದ ಧೂಳೊರೆಸಿ ತಂದು ಎರಡೂ ಕೈಯಲ್ಲಿ ಅಜ್ಜಿಗೆ ಕೊಟ್ಟಳು.

“ಇವತ್ತೂ ಭಾನುವಾರಾನೇ ಅಜ್ಜಿ. ಯಾವ ಭಾನುವಾರ ಅಂತ ಅವ್ರು ಹೇಳಿರ್ಲಿಲ್ಲ ತಾನೆ?”