ತಿರುಗುವ ಹಲಗೆ ನಿಂತ ಕಡೆ

ನಮ್ಮ ಬಡಾವಣೆಯ ಚೈನೀಸ್ ಹೋಟೆಲಿನಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಕೈತುಂಬ ಬಡಿಸುತ್ತಾರೆ. ಆ ಭಾನುವಾರ ಮಧ್ಯಾಹ್ನ ಅಮ್ಮ, ನನ್ನ ಹೆಂಡತಿ, ನಾನು ಹೋಗಿ ಕಿಟಕಿ ಪಕ್ಕದ ದುಂಡು ಮೇಜಿಗೆ ಕೂತೆವು. ನಾಲ್ಕನೆಯ ಕುರ್ಚಿ ಖಾಲಿಯಿತ್ತು.

ಮೇಜಿನ ನಡುವೆ ತಿಂಡಿಯಿಟ್ಟು ತಿರುಗಿಸುವ ಗಾಜಿನ ಹಲಗೆ. ನೂಡಲ್ಸನ್ನು ಅಮ್ಮನ ಕಡೆ ತಿರುಗಿಸಿದೆ. ಅದು ಅವಳನ್ನು ದಾಟಿ ಖಾಲಿ ಕುರ್ಚಿಯ ಮುಂದೆ ನಿಂತಿತು. ಹಿಂದಕ್ಕೆ ತಳ್ಳಿದೆ. ಮೆಲ್ಲಗೆ ಮರಳಿ ಅಲ್ಲೇ ನಿಂತಿತು.

“ಮೇಜು ಓರೆಯಾಗಿದೆ ಕಣ್ರೀ,” ಎಂದು ಹೆಂಡತಿ ನಕ್ಕು, ತಾನೂ ಆಚೆಯಿಂದ ತಿರುಗಿಸಿ ನೋಡಿದಳು. ಮತ್ತೆ ಅಲ್ಲಿಗೇ ಬಂತು. ಅವಳ ನಗು ನಿಂತಿತು.

ನಮ್ಮ ಸೂಪು ಇನ್ನೂ ಹಬೆಯಾಡುತ್ತಿತ್ತು. ಆಗಷ್ಟೇ ಬಾಣಲೆಯಿಂದ ಬಂದ ನೂಡಲ್ಸ್ ಮಾತ್ರ ಮುಟ್ಟಿದರೆ ಕೊರೆಯುವಷ್ಟು ತಣ್ಣಗಿತ್ತು.

ಅಮ್ಮ ಖಾಲಿ ಕುರ್ಚಿಯ ಮುಂದೆ ತಟ್ಟೆಯಿಟ್ಟು ಬಡಿಸತೊಡಗಿದಳು.

“ಯಾರಿಗಮ್ಮಾ? ಅಪ್ಪನಿಗಾ?” ಎಂದೆ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು.

“ನಿಮ್ಮಪ್ಪ ಇಂಥದ್ದೆಲ್ಲ ಎಲ್ಲಿ ತಿಂತಿದ್ರು? ಇವರ್ಯಾರೋ ನಂಗೂ ಗೊತ್ತಿಲ್ಲ ಕಣೋ. ಆಗ್ಲಿಂದ ತಟ್ಟೇನೇ ನೋಡ್ತಾ ಕೂತಿದಾರೆ, ಪಾಪ.”

ಅರ್ಧಕ್ಕೇ ಎದ್ದೆವು. ಹೊರಡುವಾಗ ಅಮ್ಮ ಕುರ್ಚಿಯತ್ತ ತಿರುಗಿ, “ನಿಧಾನಕ್ಕೆ ಊಟ ಮಾಡಿ, ಬರ್ತೀವಿ,” ಎಂದಳು.

ಕಾರಿನಲ್ಲಿ ಹೆಂಡತಿ ನನ್ನ ಪಕ್ಕ, ಅಮ್ಮ ಹಿಂದೆ. ನಾನಿನ್ನೂ ಕಾರು ಚಾಲೂ ಮಾಡಿರಲಿಲ್ಲ, ಅಮ್ಮ ಕಿಟಕಿಗೆ ಒತ್ತಿಕೊಂಡು ಸರಿದು ಕೂತಳು.

“ಯಾಕಮ್ಮಾ?”

“ಜಾಗ ಬೇಡ್ವೇನೋ?”

ಅವಳ ಆಚೆ ಬದಿಯ ಬಾಗಿಲು ಮುಚ್ಚಿಕೊಂಡ ಸದ್ದು ಮೂವರಿಗೂ ಕೇಳಿಸಿತು. ಆ ಬಾಗಿಲನ್ನು ನಮ್ಮಲ್ಲಿ ಯಾರೂ ತೆರೆದಿರಲಿಲ್ಲ.